ಮೂರನೇ ಹೆಸರು ಗಾಜು ಊದುವವರದು

ವಿಶ್ವವಿದ್ಯಾಲಯದ ಕ್ಯಾಂಟೀನಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದರು: ಭೌತಶಾಸ್ತ್ರದ ಯುವ ಸಂಶೋಧಕಿ, ಮತ್ತು ಅವಳ ಪ್ರಯೋಗಕ್ಕೆ ಗಾಜಿನ ಕೊಳವೆ ಊದಿಕೊಡುವ ಹಿರಿಯರು.

“ಅಣ್ಣಾ, ನಮ್ಮ ರಿಸರ್ಚ್ ಪೇಪರ್ ಪ್ರಕಟ ಆಯ್ತು. ಬರೆದವರ ಪಟ್ಟೀಲಿ ಮೂರನೇ ಹೆಸರು ನಿಮ್ದು.”

“ನಂದ್ಯಾಕಮ್ಮಾ? ನಾನು ಓದಿರೋದು ಏಳನೇ ಕ್ಲಾಸು.”

“ಹನ್ನೊಂದು ಕೊಳವೆ ಒಡೆದುಹೋದ್ವು. ಕೊಳವೆ ಕುತ್ತಿಗೆ ಇನ್ನೂ ಸ್ವಲ್ಪ ದಪ್ಪ ಇರ್ಲಿ ಅಂದಿದ್ದು ಯಾರು?”

“ಅದು ಕೈಗೆ ಗೊತ್ತಾಗಿದ್ದು.”

“ಅದನ್ನೇ ನಾವು ಎರಡು ಪುಟ ಬರೆದಿದ್ದೀವಿ.”

“ನಿಮ್ಮ ಗೈಡ್ ಮೇಷ್ಟ್ರು ಒಪ್ಪಿದ್ರಾ?”

“ಮೊದಲು ಒಪ್ಪಲಿಲ್ಲ. ನಿಮ್ಮ ಹೆಸರಿಲ್ಲದಿದ್ರೆ ನಂದೂ ಬೇಡ ಅಂದೆ.”

ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು.

“ಮನೇಲಿ ನಮ್ಮವಳಿಗೆ ಏನಂತ ಹೇಳ್ಲಿ?”

“ನಾನೂ ಸಂಶೋಧಕ ಅಂತ ಹೇಳಿ.”

“ಅವಳು ನಂಬಲ್ಲ ಕಣಮ್ಮಾ. ನೀನೇ ಒಂದ್ಸಲ ಮನೆಗೆ ಬಂದು ಹೇಳ್ಬಿಡು.”

ಚಹಾ ಹಿಡಿದು ಇಬ್ಬರೂ ನಗುತ್ತ ಕಿಟಕಿಯ ಕಡೆ ನಡೆದರು.