ಬೆಳಕಿಗೆ ಹಿಡಿದ ತಟ್ಟೆ

ಹೆಣ್ಣುಮಗಳೊಬ್ಬಳು ಹೊಸ ಪಾತ್ರೆ ತೊಳೆಯುತ್ತಿದ್ದಾಳೆ. ಅದಕ್ಕೆ ಹಚ್ಚಿದ ಅಂಗಡಿಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, ಬಿಸಿನೀರು ಹಾಕಿ, ಮತ್ತೆ ಉಜ್ಜುತ್ತಾಳೆ. ಮನೆಯಲ್ಲಿ ಇನ್ನೂ ಯಾರೂ ಎದ್ದಿಲ್ಲ. ಅವಳು ಎಬ್ಬಿಸುವುದೂ ಇಲ್ಲ. ತೊಳೆದಾದ ಮೇಲೆ ಅಂಟಂಟಾಗಿ ಬೇಯುವ ಅಕ್ಕಿ, ತೆಂಗಿನ ಹಾಲು, ಬೆಲ್ಲ ಹಾಕಿ ಒಲೆಗಿಡುತ್ತಾಳೆ.

ಅಕ್ಕನ ಬಳಗದ ಅಕ್ಕಂದಿರೇ, ಇವಳು ನಮ್ಮ ದೇಶದವಳಲ್ಲ. ಸಮುದ್ರದಾಚೆ ಫಿಲಿಪೈನ್ಸ್ ಅಂತ ಒಂದು ದೇಶವಿದೆ, ಅಲ್ಲಿಯವಳು. ಅಕ್ಕಿಯನ್ನು ಉಬ್ಬಿಸಿ, ಬೆಲ್ಲದ ಪಾಕದಲ್ಲಿ ಉಂಡೆ ಕಟ್ಟಿ ಮಾರುವ ಕಾರ್ಖಾನೆ ಅವಳದು, ಮನೆಯ ಹಿಂದೆಯೇ. ಅವರೂ ನಮ್ಮ ಹಾಗೆ ಅನ್ನ ಉಣ್ಣುವ ಜನ. ಆದರೆ ಅನ್ನದ ಜೊತೆ ಮೀನೋ ಮಾಂಸವೋ ಬೇಕು. ಅಂಥ ಮನೆಗೆ ಹೊಸ ಪಾತ್ರೆ ಯಾಕೆ ಬಂತು? ಅವತ್ತು ಅತಿಥಿಯೊಬ್ಬ ಬರುವವನಿದ್ದ. ಮೀನು, ಮಾಂಸ, ಮೊಟ್ಟೆ ಯಾವುದನ್ನೂ ಮುಟ್ಟದವನು.

ಆ ಅತಿಥಿ ಯಾರು? ನಮ್ಮ ಕಡೆಯವನೇ, ಒಬ್ಬ ಶ್ರೀಮಂತ. ಮಂಡಕ್ಕಿ ಹುರಿಯುವ ಯಂತ್ರ ಮಾಡುವವನು. ಶ್ರೀಮಂತ ಅಂದೆ, ನೋಡಿ, ಊರವರು ಹಾಗೆ ತಿಳಿದಿದ್ದರು. ಒಳಗೆ ಹೋಗಿ ನೋಡಿದರೆ ಕೆಲಸವಿಲ್ಲದೆ ಕಾರ್ಖಾನೆ ತಣ್ಣಗಿತ್ತು. ಈ ಹೆಂಗಸು ಯಂತ್ರಗಳನ್ನು ಕೊಂಡರೆ ಬಾಗಿಲು ತೆರೆದಿರುತ್ತದೆ. ಕೊಳ್ಳದಿದ್ದರೆ ಬೀಗ.

ಅವನ ಗೆಳೆಯನ ಮಗಳು ಆ ಹೆಂಗಸಿನ ಊರಲ್ಲೇ ಡಾಕ್ಟರಿಕೆ ಓದುತ್ತಿದ್ದಳು. ದಾರಿ ತೋರಿಸಲು ಬಂದವಳು ಕಾರಿನಲ್ಲೇ ಹೇಳಿದಳು:

"ಕಾಕಾ, ಹೋದ ಕೂಡ್ಲೆ ವ್ಯಾಪಾರದ ಮಾತು ತೆಗೀಬ್ಯಾಡ್ರಿ. ಮೊದಲು ಮನಿ ಮಂದಿ ಸುದ್ದಿ ಕೇಳ್ತಾರ, ತಿನ್ರಿ ಅಂತಾರ. ನೀವು ಏನೇನು ತಿನ್ನೂದಿಲ್ಲ ಅಂತ ಮೊದಲ ಹೇಳೇನಿ."

"ಹೇಳಿದ್ರ ಆತೇನು? ಹೂಂ ಅಂತಾರ, ಹಾಕೂದು ಹಾಕ್ತಾರ."

ನೋಡಿ, ಇವನಿನ್ನೂ ಮನೆ ಮುಟ್ಟಿಲ್ಲ. ಅನುಮಾನ ಆಗಲೇ ಮುಟ್ಟಿತ್ತು.

ಒಳಗೆ ಕೆಲಸದವರೆಲ್ಲ ಸೇರಿದ್ದರು. ಮಾಲಕಿಯ ವಯಸ್ಸಾದ ತಾಯಿ ಕುರ್ಚಿಯಲ್ಲಿ ಕೂತಿದ್ದಳು. ಹುಡುಗಿ ಬಗ್ಗಿ ಆ ಮುದುಕಿಯ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡಳು; ಅಲ್ಲಿ ಹಿರಿಯರಿಗೆ ಮಾಡುವ ನಮಸ್ಕಾರ ಅದು. ಇವನು ಕೈ ಜೇಬಿನಲ್ಲಿಟ್ಟು ನಿಂತ. ಮಾಲಕಿ ಕೇಳಿದಳು: ಮಕ್ಕಳೆಷ್ಟು? ತಾಯಿ ಇದ್ದಾರಾ? ಅಷ್ಟು ದೂರ ಕೂತು ಬಂದಿರಿ, ಸೊಂಟ ನೋಯಲಿಲ್ಲವೇ?

"ನಾನೇನು ಬೀಗತನಕ್ಕ ಬಂದೇನೇನು?" ಎಂದು ಇವನು ಹುಡುಗಿಯ ಕಿವಿಯಲ್ಲಿ ಅಂದ. "ಮನೆತನ ಕೇಳಿ ರೇಟು ಮುರೀತಾಳ, ನೋಡ್ಕೊ."

ಮಾಲಕಿ ತುಟಿ ಮುಂದೆ ಮಾಡಿ ಅಡುಗೆಮನೆಯ ಕಡೆ ತೋರಿಸಿದಳು. ಅಲ್ಲಿ ಬೆರಳು ಮಾಡಿ ತೋರಿಸುವುದು ಒರಟುತನ, ತುಟಿಯಲ್ಲೇ ತೋರಿಸುತ್ತಾರೆ. ಇವನಿಗೆ ಅದೂ ಅನುಮಾನ. "ಏನೋ ಸನ್ನಿ ನಡದೈತಿ."

ತಟ್ಟೆ ಬಂತು. ಬಾಳೆಲೆಯ ಮೇಲೆ ಸಿಹಿ ಅನ್ನ, ಇನ್ನೂ ಹಬೆಯಾಡುತ್ತಿತ್ತು. ಇವನು ಏನು ಮಾಡಿದ? ಚಮಚದಿಂದ ಬಗೆದ. ಮೂಸಿದ. ತಟ್ಟೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಅಷ್ಟೂ ಜನರ ಎದುರು, ಆ ತಾಯಿಯ ಎದುರು, ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೇಳಿದ: "ಇದನ್ನು ಬೇಯಿಸಿದ ಪಾತ್ರೆಯಲ್ಲಿ ನಿನ್ನೆ ಏನು ಬೇಯಿಸಿದ್ದಿರಿ?"

ಮಾಲಕಿ ಸುಮ್ಮನೆ ನಕ್ಕಳು.

"ನಗತಾಳ ನೋಡು. ಸಿಕ್ಕಿಬಿದ್ಲು!"

"ಕಾಕಾ, ಸುಮ್ನಿರ್ರಿ. ಇಲ್ಲಿ ಮಂದಿ ಖುಷಿ ಆದಾಗಷ್ಟ ನಗೂದಿಲ್ಲ."

ಅವನು ಕೇಳಲಿಲ್ಲ. ಚೀಲದಿಂದ ಡಬ್ಬಿ ತೆಗೆದ. ಕಟಕ್ ರೊಟ್ಟಿ, ಶೇಂಗಾ ಚಟ್ನಿ. ಅಲ್ಲಿ ಯಾರೇ ತಿನ್ನಲು ಕೂತರೂ ಎದುರಿಗಿದ್ದವರನ್ನು, ದಾರಿಯಲ್ಲಿ ಹೋಗುವವರನ್ನು ಕೂಡ, ಬನ್ನಿ ತಿನ್ನೋಣ ಎಂದು ಕರೆಯುತ್ತಾರೆ. ಇವನು ಕರೆಯಲಿಲ್ಲ. ಗೋಡೆಯ ಕಡೆ ತಿರುಗಿ ತಿಂದ.

ಆಮೇಲೆ ಯಂತ್ರದ ಮಾತು. ಅವಳು ಸಮಾಧಾನದಿಂದ ಎಲ್ಲ ಕೇಳಿಸಿಕೊಂಡು, "ಹೌದು, ಚೆನ್ನಾಗಿದೆ. ನೋಡೋಣ, ಹೇಳುತ್ತೇನೆ" ಅಂದಳು. ಆ ಜನ ಅತಿಥಿಯ ಮುಖಕ್ಕೆ ಇಲ್ಲ ಎನ್ನುವುದಿಲ್ಲ. ಇವನು ಹೌದು ಎಂಬುದೊಂದನ್ನೇ ಗಂಟು ಕಟ್ಟಿಕೊಂಡು ಬಂದ. ಎಂಥ ವಿಚಿತ್ರ ನೋಡಿ! ಅನ್ನವನ್ನು ನಂಬದವನು ಆ ಹೌದನ್ನು ನಂಬಿದ.

ಊರಿಗೆ ಬಂದವನೇ ಕೆಲಸಗಾರರನ್ನು ಕರೆಸಿ ತಗಡು ಕತ್ತರಿಸಲು ಹೇಳಿದ. ಆರ್ಡರ್ ಮಾತ್ರ ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ ಅವಳು ಇವನ ತಾಯಿಯ ಆರೋಗ್ಯ ಕೇಳುತ್ತಿದ್ದಳು. ಯಂತ್ರದ ಮಾತಿಗೆ ನೋಡೋಣ ಎನ್ನುತ್ತಿದ್ದಳು. ಕೊನೆಗೆ ಹುಡುಗಿಯೇ ಫೋನ್ ಮಾಡಿ, ಅಲ್ಲಿ ಬೇರೆಯವರ ಯಂತ್ರ ಬಂದು ಕೂತಿದೆ ಎಂದಳು.

"ನಾ ಮೊದಲ ಹೇಳಿದ್ದಿಲ್ಲ? ಕಳ್ಳ ಮಂದಿ!"

"ಕಾಕಾ, ಆ ಪಾತ್ರಿ ಹೊಸಾದು. ನಿಮ್ಮ ಸಲುವಾಗಿ ತಂದಿದ್ಲು."

"ಮತ್ತ ಕೇಳಿದಾಗ ಬಾಯಿ ಬಿಟ್ಟು ಹೇಳಬೇಕಿಲ್ಲೇನವಾ?"

"ಹೆಂಗ ಹೇಳ್ತಾಳ್ರಿ? ಅಷ್ಟು ಮಂದಿ ಮುಂದ ಹೊಸಾದು ಅಂದಿದ್ರ ನಿಮ್ಮ ಮುಖ ಸಣ್ಣದಾಕ್ಕಿತ್ತು. ಮನಿಗೆ ಬಂದವರ ಮಾನ ತೆಗೀಬಾರದು ಅಂತ ತನ್ನ ಮಾನ ಬಿಟ್ಲು."

ಅವನು ಫೋನ್ ಇಟ್ಟ. ಆ ತಿಂಗಳೇ ಕಾರ್ಖಾನೆಗೆ ಬೀಗ ಬಿತ್ತು.

ಅಕ್ಕಂದಿರೇ, ಅವನು ಮಾಂಸ ತಿನ್ನದಿದ್ದದ್ದು ತಪ್ಪೇ? ಖಂಡಿತ ಅಲ್ಲ. ಕೇಳುವುದಾದರೂ ತಪ್ಪೇ? ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ್ದರೆ ಅವಳೇ ಒಳಗೆ ಕರೆದೊಯ್ದು ಪಾತ್ರೆ ತೋರಿಸುತ್ತಿದ್ದಳು. ಅವನಿಗೆ ಉತ್ತರ ಎಲ್ಲಿ ಬೇಕಿತ್ತು? ತನ್ನ ಅನುಮಾನ ನಿಜವಾಗಬೇಕಿತ್ತು, ಅಷ್ಟೇ.

ನಾವೇನು ಕಡಿಮೆಯೇ? ನೀರು ಕೊಟ್ಟರೆ ಲೋಟವನ್ನು ಬೆಳಕಿಗೆ ಹಿಡಿಯುತ್ತೇವೆ. ಎಲ್ಲರ ಮನೆಯಲ್ಲೂ ಹಿಡಿಯುತ್ತೇವೆಯೇ? ದೊಡ್ಡವರ ಮನೆಯಲ್ಲಿ ಚಹಾದಲ್ಲಿ ಇರುವೆ ತೇಲಿದರೂ ಊದಿ ಕುಡಿಯುತ್ತೇವೆ. ಕೆಲವರ ಮನೆಯಲ್ಲಿ ಮಾತ್ರ ಈಗ ತಾನೇ ಕುಡಿದು ಬಂದೆ ಎನ್ನುತ್ತೇವೆ, ಇವತ್ತು ಉಪವಾಸ ಎನ್ನುತ್ತೇವೆ. ನಗುತ್ತಾ ಹೇಳುತ್ತೇವೆ. ಅವರೂ ನಗುತ್ತಾರೆ. ಆ ನಗುವನ್ನು ಯಾವತ್ತಾದರೂ ಸರಿಯಾಗಿ ನೋಡಿದ್ದೀರಾ?

ಇನ್ನು ಮೇಲೆ ಕೊಟ್ಟ ಲೋಟವನ್ನು ಕೊಟ್ಟವರ ಎದುರು ತಿರುಗಿಸಿ ನೋಡಬೇಡಿ. ಸಂಶಯವಿದ್ದರೆ ಅವರೊಬ್ಬರೇ ಇದ್ದಾಗ ಕೇಳಿ. ಅವರು ಹೇಳಿದ ಮೇಲೆ ನಂಬಿ. ಬಾಯಾರಿದ್ದರೂ ಬೇಡ ಎನ್ನಬೇಡಿ.

ನಮ್ಮ ಬಳಗ ಪ್ರತಿ ಸೋಮವಾರ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತದೆ. ಎಲ್ಲರ ಸರದಿಯೂ ಬಂತು. ದ್ಯಾಮವ್ವಕ್ಕನದು ಬರಲಿಲ್ಲ. ಅವರೂ ನಮ್ಮ ಹಾಗೆ ಲಿಂಗದೀಕ್ಷೆ ಪಡೆದವರು. ಅವರ ಓಣಿ ದೂರ ಎನ್ನುತ್ತೇವೆ. ಅದೇ ಓಣಿ ದಾಟಿ ಸಂತೆಗೆ ಹೋಗುತ್ತೇವೆ. ಅವರು ಇವತ್ತು ಬಂದಿಲ್ಲ, ಅದಕ್ಕೇ ಈ ಮಾತು ಎತ್ತಿದೆ. ಅವರನ್ನು ಎದುರಿಗೆ ಕೂರಿಸಿಕೊಂಡು ಕೇಳುವ ಮಾತಲ್ಲ ಇದು.

ಮುಂದಿನ ಸೋಮವಾರ ಅವರ ಮನೆಯಲ್ಲಿ ಸೇರೋಣ. ಅವರು ಬಡಿಸಿದ್ದನ್ನು ಉಂಡು ಬರೋಣ. ಬರುವವರು ಕೈ ಎತ್ತಿ.

ಎಲ್ಲರೂ ಯಾಕೆ ನೆಲ ನೋಡುತ್ತಿದ್ದೀರಿ? ಒಬ್ಬರಾದರೂ ಕೈ ಎತ್ತಿ, ಅಕ್ಕಾ.