ಹಿಲ್ಕಾಳ ಪಕ್ಕದ ಸೀಟು

ಫಿನ್‌ಲ್ಯಾಂಡಿನ ಉತ್ತರ ತುದಿಯ ನಮ್ಮ ಲ್ಯಾಪ್‌ಲ್ಯಾಂಡಿನಲ್ಲಿ ಮೊದಲ ಹಿಮ ಬಿದ್ದ ಬೆಳಿಗ್ಗೆ, ಕಾರಿಗೆ ಹಿಮದಲ್ಲಿ ಜಾರದಂತೆ ಮೊಳೆ ಜಡಿದ ಟೈರು ಹಾಕಿಸಲು ಗ್ಯಾರೇಜಿನಲ್ಲಿ ಕಾಯುತ್ತಿದ್ದೆ. ಎದುರು ಬೆಂಚಿನಲ್ಲಿ ಮುದುಕ ತೈಸ್ತೊ, ಹೆಂಡತಿ ಹಿಲ್ಕಾ. ಕಣ್ಣು ಮಂಜಾಗಿ ಅವನ ಡ್ರೈವಿಂಗ್ ಲೈಸೆನ್ಸ್ ಹೋಗಿ, ಈಗ ಹಿಲ್ಕಾಳೇ ಕಾರು ಓಡಿಸುವುದು ಊರಿಗೇ ಗೊತ್ತು.

“ಈ ವರ್ಷಾನೂ ಹಿಮ ಕಂಡ್ರೆ ಸ್ಟೇರಿಂಗ್ ಹಿಡ್ಕೊಂಡು ಅಳ್ತೀಯೇನೇ?”

“ಇಲ್ಲ. ಹಿಪ್ನಾಟಿಸಂ ಮಾಡೋ ಡಾಕ್ಟ್ರು ಭಯ ಬಿಡಿಸಿದ್ರು.”

“ಇಷ್ಟು ವರ್ಷ ಪಕ್ಕದಲ್ಲಿ ಕೂತು ನಾನು ಕಲಿಸ್ದಾಗ ಹೋಗ್ಲಿಲ್ವಲ್ಲ!”

“ನೀವು ಕಲಿಸಿದ್ದಲ್ಲ, ಬೈದಿದ್ದು.”

“ನಿನ್ನಂಥ ದಡ್ಡೀಗೆ ಬೈದೇ ಕಲಿಸ್ಬೇಕು. ಅವನೇನು ಮಂತ್ರ ಹಾಕ್ದ?”

“ಕಣ್ಣು ಮುಚ್ಕೊಂಡು, ಮನಸ್ಸಲ್ಲೇ ಕೆರೆ ದಾರೀಲಿ ಕಾರು ಓಡ್ಸಿ ಅಂದ್ರು. ಹಿಮದ ಮೇಲೆ ಜಾರ್ತು. ಪಕ್ಕಕ್ಕೆ ನೋಡಿದ್ರೆ ಸೀಟು ಖಾಲಿ. ಆಗ್ಲೇ ಭಯ ಹೋಯ್ತು.”

“ನಾನೆಲ್ಲಿದ್ದೆ?”

“ತಿರುವಲ್ಲಿ, ಮಂಡಿವರೆಗೆ ಹಿಮದಲ್ಲಿ ನಿಂತು ಕೈ ತೋರಿಸ್ತಿದ್ರಿ.”

“ನಿಲ್ಲಿಸ್ದೆ ತಾನೇ?”

“ಇಲ್ಲ. ಹೀಟರ್ ಜಾಸ್ತಿ ಮಾಡ್ಕೊಂಡು ಮುಂದಕ್ಕೆ ಹೋದೆ.”

ಅವರ ಕಾರು ಸಿದ್ಧವಾಯಿತೆಂದು ಒಳಗಿನಿಂದ ಕೂಗಿದರು. ಹಿಲ್ಕಾ ಕೀಲಿ ತೆಗೆದುಕೊಂಡು ಹೊರಟಳು. ತೈಸ್ತೊ ತಡವುತ್ತ ಹೋಗಿ ಮುಂದೆ ಅವಳ ಪಕ್ಕದ ಸೀಟಿನ ಬಾಗಿಲು ತೆರೆದ. ಆಮೇಲೆ ಅದನ್ನು ಮೆಲ್ಲಗೆ ಮುಚ್ಚಿ, ಹಿಂದಿನ ಸೀಟಿನಲ್ಲಿ ಹೋಗಿ ಕೂತ.