ಪಿಂಗಾಣಿ ಗುಲಾಬಿಯ ಒಂದು ದಳ

ಬಸ್ಸಿನಲ್ಲಿ ಹೋಗುತ್ತಿದ್ದ ಒಬ್ಬ ದರ್ಜಿಯ ಮುಂದಿನ ಸೀಟಿನಲ್ಲಿ ಅಕ್ಕತಂಗಿಯರು ಕೂತಿದ್ದರು. ತಂಗಿಯ ಮಡಿಲಲ್ಲಿ ಒಂದು ಡಬ್ಬ, ಅದರೊಳಗೆ ದಳ ಮುರಿದ ಪಿಂಗಾಣಿ ಗುಲಾಬಿ. ಮುಳ್ಳಿನ ಮೇಲೆ ಕೂತವಳಂತೆ ಅವಳು ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು. ಕಿವಿಗೆ ಬಾಗಿಲಿಲ್ಲವಲ್ಲ, ದರ್ಜಿಗೆ ಎಲ್ಲ ಕೇಳಿಸಿತು.

“ಇನ್ನೊಂದು ವಾರಕ್ಕೆ ಅಮ್ಮ ಬಂದ್ಬಿಡ್ತಾಳೆ ಅಕ್ಕಾ. ಧೂಳು ಒರೆಸೋಕೆ ಹೋಗಿ ಎಂಥ ಕೆಲಸ ಮಾಡ್ಕೊಂಡೆ!”

“ಅದಕ್ಕೇ ಕುಂಬಾರಣ್ಣನ ಹತ್ರ ಹೋಗ್ತಿದೀವಲ್ಲ. ಹೊಸ ದಳ ಮಾಡಿ ಅಂಟಿಸ್ತಾನೆ.”

“ಅಮ್ಮ ಒಂದೊಂದು ದಳಾನೂ ಅಂಗೈಲಿ ಒತ್ತಿ ಮಾಡಿದಾಳೆ. ಎಲ್ಲದ್ರ ಮೇಲೂ ಅವಳ ಕೈಗೆರೆ ಇದೆ. ಬೇರೆಯವರ ಗೆರೆ ಕಂಡುಹಿಡಿಯಲ್ವಾ?”

ಅಕ್ಕ ಕಿಟಕಿಯ ಕಡೆ ತಿರುಗಿದಳು.

“ಅದ್ರಲ್ಲಿ ಒಂದು ದಳ ನಂದು ಕಣೇ.”

“ಏನಂದೆ?”

“ಚಿಕ್ಕವಳಿದ್ದಾಗ ನಾನೂ ಮುರಿದಿದ್ದೆ. ಕುಂಬಾರಣ್ಣನ ಕೈಕಾಲು ಹಿಡಿದು, ನಾನೇ ಒತ್ತಿದ ದಳ ಸುಡಿಸಿ ಅಂಟಿಸಿದ್ದೆ.”

“ಅಮ್ಮಂಗೆ ಗೊತ್ತಾಗ್ಲೇ ಇಲ್ವಾ?”

“ಇಷ್ಟು ವರ್ಷ ತುಟಿ ಬಿಚ್ಚಿರ್ಲಿಲ್ಲ. ಮೊನ್ನೆ ಹೊರಡೋವಾಗ ಬಾಗ್ಲಲ್ಲಿ ನಿಂತು ಹೇಳಿದ್ಲು, ‘ಧೂಳು ಒರೆಸೋದಾದ್ರೆ ನಿನ್ನ ದಳ ಮಾತ್ರ ಒರೆಸು, ಮಿಕ್ಕಿದ್ದು ಮುಟ್ಬೇಡ’ ಅಂತ.”

ಸ್ಟಾಪ್ ಬಂತು. ಡಬ್ಬವನ್ನು ಎದೆಗವಚಿಕೊಂಡು ತಂಗಿಯೇ ಮೊದಲು ಎದ್ದಳು.

“ಕುಂಬಾರಣ್ಣ ಮಣ್ಣು ಕೊಟ್ರೆ ಸಾಕು ಅಕ್ಕಾ,” ಎಂದಳು ಇಳಿಯುತ್ತಾ. “ದಳ ನಾನೇ ಒತ್ತುತೀನಿ.”